ಉತ್ತರದ ಕಿಟಕಿಯ ಬಿಸಿಲು

ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬ ವಿಷಯದಲ್ಲಿ ನನ್ನ ಗೆಳೆಯ ಗುರುಸಿದ್ದನಿಗೆ ಯಾವ ತಕರಾರೂ ಇರಲಿಲ್ಲ. ಆದರೆ ಸೂರ್ಯನನ್ನು ಅದೊಂದೇ ದಿಕ್ಕಿಗೆ ಕಟ್ಟಿಹಾಕುವುದು ಅನ್ಯಾಯ ಎಂಬ ಅಭಿಪ್ರಾಯ ಮಾತ್ರ ಇತ್ತು. ಆ ಅಭಿಪ್ರಾಯದಿಂದ ಒಂದು ಸಂಸಾರ ಒಡೆಯುವುದರಲ್ಲಿತ್ತು. ಆ ಕಥೆಯನ್ನು ನಾನೇ ಹೇಳಬೇಕು. ಗುರುಸಿದ್ದ ಹೇಳಿದರೆ ಅದರಲ್ಲಿ ಬೆಳಕಿರುತ್ತದೆ, ಮನುಷ್ಯರಿರುವುದಿಲ್ಲ.

ಇದು 2004ರ ಮಾತು. ಗುರುಸಿದ್ದ ಜಯನಗರದಲ್ಲಿ ನಂದಕುಮಾರ್ ಎಂಬ ಆರ್ಕಿಟೆಕ್ಟರ ಕಚೇರಿಯಲ್ಲಿ ರೆಂಡರ್ ಮಾಡುವ ಕೆಲಸದಲ್ಲಿದ್ದ. ರೆಂಡರ್ ಎಂದರೆ ಇನ್ನೂ ಕಟ್ಟಿ ಮುಗಿಯದ ಮನೆಯ ಒಳಭಾಗ ಮುಂದೆ ಹೇಗೆ ಕಾಣುತ್ತದೆ ಎಂದು ಕಂಪ್ಯೂಟರಿನಲ್ಲಿ ತಯಾರಿಸುವ ಚಿತ್ರ. ನಾನು, ಸಂಗಮೇಶ, ಅದೇ ಜಯನಗರದ ಒಂದು ಕೊರಿಯರ್ ಕಚೇರಿಯಲ್ಲಿದ್ದೆ. ನಾವಿಬ್ಬರೂ ಬಾಗಲಕೋಟೆ ಕಡೆಯ ಒಂದೇ ಊರಿನವರು. ಬಿ.ಟಿ.ಎಂ. ಲೇಔಟಿನಲ್ಲಿ ಚಿಕ್ಕಬೈರಪ್ಪನವರ ಮೂರಂತಸ್ತಿನ ಮನೆಯ ತಾರಸಿ ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದೆವು.

ಗುರುಸಿದ್ದನಿಗೆ ಒಂದು ದೋಷವಿತ್ತು. ಅವನ ಕಣ್ಣಿಗೆ ಬೆಳಕು, ನೆರಳು ಬೀಳುತ್ತಿದ್ದವೇ ಹೊರತು ಮನುಷ್ಯರ ಮುಖ ಬೀಳುತ್ತಿರಲಿಲ್ಲ. ಒಮ್ಮೆ ಬಸ್ ಸ್ಟಾಪಿನಲ್ಲಿ ನಾನೇ ಎದುರಿಗೆ ನಿಂತರೂ ಗುರುತು ಹಿಡಿಯದೆ, ನನ್ನ ಕೈಲಿದ್ದ ಸ್ಟೀಲ್ ಟಿಫಿನ್ ಡಬ್ಬಿಯ ಹೊಳಪನ್ನು ಬಾಯಿ ತೆರೆದು ನೋಡುತ್ತ ನಿಂತಿದ್ದ. ನಾನು ಕರೆದ ಮೇಲೆ "ನೀ ಯಾವಾಗ ಬಂದಿ?" ಅಂದ. ಇಂಥವನ ಕೈಗೆ ಕಚೇರಿಯವರು ಒಂದು ಡಿಜಿಟಲ್ ಕ್ಯಾಮೆರಾ ಬೇರೆ ಕೊಟ್ಟಿದ್ದರು. ಭಾನುವಾರ ಬಂತೆಂದರೆ ತಾರಸಿಯಲ್ಲಿ ಬೀಳುವ ಬಟ್ಟೆಯ ನೆರಳು, ಕಾಗೆಯ ನೆರಳು, ನೀರಿನ ಟ್ಯಾಂಕಿನ ನೆರಳು ಎಲ್ಲವನ್ನೂ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಕೂಡಿಡುತ್ತಿದ್ದ.

"ಇದು ಯಾರ ನೆರಳಲೇ?" ಎಂದು ಒಮ್ಮೆ ಕೇಳಿದ್ದೆ.

"ನೆರಳಿಗೆ ಹೆಸರು ಎಲ್ಲಿ ಇರತೈತೋ" ಅಂದಿದ್ದ.

ನಮ್ಮ ಮಾಲೀಕರು ಚಿಕ್ಕಬೈರಪ್ಪನವರು ಮೊದಲು ರಾಗಿ ಬೆಳೆಯುತ್ತಿದ್ದವರು, ಆಮೇಲೆ ಮನೆಗಳನ್ನು ಬೆಳೆದರು. ವಸಂತಪುರದಲ್ಲಿ ಅವರಪ್ಪನ ಕಾಲದ ರಾಗಿ ಕಣದ ಒಂದು ತುಂಡು ನೆಲ ಉಳಿದಿತ್ತು. ಅದರಲ್ಲಿ ತಾವೇ ವಾಸಕ್ಕೆಂದು ಒಂದು ಮನೆ ಕಟ್ಟಿಸಲು ಹೊರಟರು. ಬಾಡಿಗೆದಾರನೇ ಅಂಥ ಕಚೇರಿಯಲ್ಲಿರುವಾಗ ಬೇರೆ ಕಡೆ ಯಾಕೆ ಹೋಗಬೇಕೆಂದು ಪ್ಲಾನನ್ನು ನಂದಕುಮಾರರಿಗೇ ಒಪ್ಪಿಸಿದರು. ಗೋಡೆ ಎದ್ದಿತು, ತಾರಸಿ ಹಾಕಿದ್ದಾಯಿತು. ಹಾಲ್‌ನ ಒಳಗು ಹೇಗಿರಬೇಕೆಂಬ ಮಾತು ಬಂದಾಗ ಗುರುಸಿದ್ದ ತನ್ನ ಮೊದಲ ರೆಂಡರ್ ತಂದು ತೋರಿಸಿದ.

ಚಿಕ್ಕಬೈರಪ್ಪ ಅದನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

"ಏನಪ್ಪಾ ಇದು? ಹಲ್ಲು ಕೀಳೋ ಡಾಕ್ಟ್ರ ಶಾಪ್ ಇದ್ದಂಗದೆ. ನಾನಿಲ್ಲಿ ಕೂತ್ಕೋಬೇಕಾ, ಬಾಯಿ ತೆಗೀಬೇಕಾ?"

ಅವರ ಹೆಂಡತಿ ಪಾರ್ವತಮ್ಮ ಇಣುಕಿ, "ಮನೇಲಿ ಯಾರೋ ಹೋಗ್ಬಿಟ್ಟಂಗೆ ಐತೆ" ಎಂದರು.

ಗುರುಸಿದ್ದನಿಗೆ ಆದ ಅವಮಾನವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅವನು ಅಂದು ಊಟ ಬಿಡಲಿಲ್ಲ, ಆದರೆ ಉಪ್ಪಿನಕಾಯಿ ಬಿಟ್ಟ. ಮರುದಿನದಿಂದ ತಪಸ್ಸಿಗೆ ಕುಳಿತ. ಮೊದಲು ಸೀಲಿಂಗಿನ ಬಿಳಿ ಬೆಳಕನ್ನೆಲ್ಲ ಆರಿಸಿ, ಕಿಟಕಿಯಿಂದ ಬೆಳಗಿನ ಎಳೆಬಿಸಿಲು ಬಿಟ್ಟ. ಬಿಸಿಲು ನೆಲಕ್ಕೆ ಬಿದ್ದು, ನೆಲದಿಂದ ಪುಟಿದು ಗೋಡೆಗೆ ಸ್ವಲ್ಪ ಕೆಂಪು ಹತ್ತುವಂತೆ ಮಾಡಿದ. ಮೂಲೆಗಳಲ್ಲಿ ಹಳದಿ ದೀಪ ಇಟ್ಟ. ಪರದೆಯ ಅಂಚು ಬೆಳಕಿಗೆ ತೆಳ್ಳಗೆ ಕಂಡಿತು. ಕಂಪ್ಯೂಟರ್ ಚಿತ್ರ ಮಾಡಿ ಮುಗಿಸಿದ ಮೇಲೆ ಅದರ ಮೇಲೆ ಮತ್ತೆ ಕೈಯಾಡಿಸಿ ಬಣ್ಣ ಬೆಚ್ಚಗೆ ಮಾಡಿದ, ಕಿಟಕಿಯ ಸುತ್ತ ಮಂಜಿನಂಥ ಹೊಳಪು ಕೊಟ್ಟ, ಬಿಸಿಲುಕೋಲಿನಲ್ಲಿ ಧೂಳಿನ ಕಣ ತೇಲಿಬಿಟ್ಟ.

ನಂದಕುಮಾರ್ ನೋಡಿ, "ಸಖತ್ತಾಗಿದೆ ಗುರು! ಆದ್ರೆ ಅದು ಉತ್ತರದ ಕಿಟಕಿ. ಆಚೆ ಪಕ್ಕದ ಮನೆ ಗೋಡೆ ಇದೆ" ಅಂದರು.

"ಸಾರ್, ಬೆಳಕಿಗೆ ದಿಕ್ಕು ಮುಖ್ಯ ಅಲ್ಲ, ಮೂಡ್ ಮುಖ್ಯ" ಎಂದ ನಮ್ಮವ.

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಪಾರ್ವತಮ್ಮನ ಮಾತು ಅವನ ಎದೆಯಲ್ಲಿ ಕೂತಿತ್ತು. ಮನೆಯಲ್ಲಿ ಜೀವ ಇರಬೇಕು ಎಂದು ಬಾಗಿಲಿಗೆ ಮಾವಿನ ತೋರಣ ಕಟ್ಟಿದ. ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿದ. ಟೀಪಾಯಿಯ ಮೇಲೆ ತಟ್ಟೆಯಲ್ಲಿ ಲಾಡು ಇಟ್ಟು, ಸಹಜವಾಗಿ ಕಾಣಲೆಂದು ಒಂದು ಲಾಡನ್ನು ಅರ್ಧ ಮುರಿದ. ಕೊನೆಗೆ, ಮುಖಗಳ ಮೇಲೆ ಅವನಿಗೆ ನಂಬಿಕೆ ಇಲ್ಲದ್ದರಿಂದ, ಮನುಷ್ಯರನ್ನು ಕೂರಿಸದೆ, ನೆಲದ ಬಿಸಿಲಿನಲ್ಲಿ ಒಬ್ಬ ಹೆಂಗಸಿನ ನೆರಳನ್ನು ಮಾತ್ರ ಬೀಳಿಸಿದ. ಅದು ಅವನು ತಾರಸಿಯಲ್ಲಿ ಕೂಡಿಟ್ಟ ನೆರಳುಗಳಲ್ಲಿ ಒಂದು. ತುರುಬು ಕಟ್ಟಿ, ಒಂದು ಕೈ ಸೊಂಟದ ಮೇಲಿಟ್ಟು, ಇನ್ನೊಂದು ಕೈ ಎತ್ತಿದ ಹೆಂಗಸು. ಎತ್ತಿದ ಕೈಯಲ್ಲಿ ಏನೋ ಕೋಲಿನಂಥದ್ದು ಇತ್ತು, ಅದನ್ನು ಅಳಿಸಿಹಾಕಿದ.

ಈ ಸಲ ಚಿಕ್ಕಬೈರಪ್ಪ ಚಿತ್ರವನ್ನು ದೂರ ಹಿಡಿಯಲಿಲ್ಲ. ಎದೆಗೆ ಒತ್ತಿಕೊಂಡರು.

"ಗುರುಸಿದ್ದ, ಇದು ನಮ್ಮನೇನಾ?"

"ಹೌದ್ರಿ."

"ನಮ್ಮ ರಾಗಿ ಕಣದ ಮೇಲೆ ಇಂಥಾ ಬಿಸ್ಲು ನಾನೇ ನೋಡಿರ್ಲಿಲ್ಲ ಕಣಯ್ಯಾ."

ಆ ಹೆಮ್ಮೆಯನ್ನು ಅವರು ಒಬ್ಬರೇ ಇಟ್ಟುಕೊಳ್ಳುವ ಪೈಕಿಯವರಲ್ಲ. ಹೊಸ ವರ್ಷ ಬರುವುದರಲ್ಲಿತ್ತು. ಎಲ್ಲರೂ ದೇವರ ಕ್ಯಾಲೆಂಡರ್ ಹಂಚಿದರೆ ಚಿಕ್ಕಬೈರಪ್ಪ ತಮ್ಮ ಹಾಲ್‌ನ ಚಿತ್ರದ ಕ್ಯಾಲೆಂಡರ್ ಮಾಡಿಸಿ ಹಂಚಿದರು. ಕೆಳಗೆ ಕೆಂಪಕ್ಷರದಲ್ಲಿ ‘ಶ್ರೀ ಚಿಕ್ಕಬೈರಪ್ಪನವರ ನೂತನ ಗೃಹ, ವಸಂತಪುರ’ ಎಂದಿತ್ತು. ಮುಂದೆ ಆಗಲಿರುವ ಗೃಹ ಎಂದು ಸೇರಿಸಲು ಜಾಗವಿತ್ತು, ಯಾರಿಗೂ ಹೊಳೆಯಲಿಲ್ಲ. ಬಿ.ಟಿ.ಎಂ.ನ ದಿನಸಿ ಅಂಗಡಿಯಿಂದ ತಲಘಟ್ಟಪುರದ ಕ್ಷೌರದಂಗಡಿಯವರೆಗೆ ಗುರುಸಿದ್ದನ ಬಿಸಿಲು ಬಿದ್ದಿತು. ಅವನು ಸಂಜೆಯ ಹೊತ್ತು ನನ್ನನ್ನು ಎಳೆದುಕೊಂಡು ಹೋಗಿ, ಬೇಡದ ಅಂಗಡಿಗಳಲ್ಲಿ ಬೇಡದ ಸಾಮಾನು ಕೊಂಡು, ಕ್ಯಾಲೆಂಡರ್ ನೋಡಿ ಬರುತ್ತಿದ್ದ.

ಕ್ಯಾಲೆಂಡರ್ ನೋಡಿ ಮೊದಲು ಬಂದವನು ವಿದ್ಯುತ್ ಕಚೇರಿಯ ಮೀಟರ್ ನೋಡುವವನು.

"ಸಾರ್, ಕಟ್ಟಡದ ಕೆಲಸಕ್ಕೆ ಅಂತ ಟೆಂಪರರಿ ಕನೆಕ್ಷನ್ ತಗೊಂಡಿದ್ದೀರಿ. ಒಳಗೆ ಮೂಲೆಮೂಲೇಲೂ ಲೈಟ್ ಉರಿಸ್ತಿದ್ದೀರಲ್ಲ?"

"ಅಯ್ಯೋ, ಅದು ಕಂಪ್ಯೂಟರ್ ಲೈಟ್ ಕಣ್ರೀ!"

"ಕಂಪ್ಯೂಟರ್‌ಗೂ ಕರೆಂಟೇ ಅಲ್ವಾ ಸಾರ್ ಬೇಕಾಗಿರೋದು?"

ಅವನನ್ನು ಸೈಟಿಗೆ ಕರೆದೊಯ್ದು, ನೇತಾಡುವ ಒಂದೇ ಬಲ್ಬನ್ನು ತೋರಿಸಿದ ಮೇಲೆ ಸುಮ್ಮನಾದ. ಹೋಗುವಾಗ ಮಾತ್ರ ಮಿಕ್ಕ ದೀಪಗಳನ್ನು ಎಲ್ಲಿ ಬಚ್ಚಿಟ್ಟಿದ್ದಾರೋ ಎಂದು ಸಿಮೆಂಟ್ ಮೂಟೆಗಳ ಹಿಂದೆ ಇಣುಕಿದ.

ಆಮೇಲೆ ನೆಂಟರು ಶುರುವಾದರು. ಯಾರೂ ಬರಲಿಲ್ಲ, ಅದೇ ತೊಂದರೆ. ಬರುವವರೆಲ್ಲ ಬರುವುದನ್ನು ನಿಲ್ಲಿಸಿದರು. ಫೋನ್ ಮಾಡಿದರೆ "ದೊಡ್ಡವ್ರಾಗ್ಬಿಟ್ರಿ" ಎಂದು ಇಡುತ್ತಿದ್ದರು. ಕೊನೆಗೆ ಒಬ್ಬ ದಾಯಾದಿ ರಸ್ತೆಯಲ್ಲೇ ನಿಲ್ಲಿಸಿ ಕೇಳಿದ:

"ಗೃಹಪ್ರವೇಶ ಮಾಡ್ಕೊಂಡ್ಯಂತೆ? ತೋರಣ ಕಟ್ಟಿ, ಲಾಡು ಹಂಚಿ? ಆ ಅರ್ಧ ಲಾಡು ತಿಂದವ್ನು ಯಾರು, ಅದನ್ನಾದ್ರೂ ಹೇಳು."

ಆಗ ಚಿಕ್ಕಬೈರಪ್ಪನವರಿಗೆ ಪರಿಸ್ಥಿತಿ ಅರ್ಥವಾಯಿತು. ಊರಿಗೆ ಊರೇ ರೆಂಡರನ್ನು ಫೋಟೋ ಎಂದುಕೊಂಡಿತ್ತು. ಮನೆ ಮುಗಿದಿದೆ, ಹಬ್ಬ ಆಗಿದೆ, ತಮ್ಮನ್ನು ಕರೆದಿಲ್ಲ. ಮದುವೆಗೆ ಕರೆಯದಿದ್ದರೆ ಮರೆವು ಎಂದಾದರೂ ಕ್ಷಮಿಸುತ್ತಾರೆ. ಗೃಹಪ್ರವೇಶಕ್ಕೆ ಕರೆಯದಿದ್ದರೆ ಅದು ಬೇಕೆಂದೇ ಮಾಡಿದ್ದು.

ಮಿಕ್ಕವರು ಹಾಳಾಗಲಿ. ಚಿಕ್ಕಬೈರಪ್ಪನವರ ಅಕ್ಕ ಲಕ್ಷ್ಮಮ್ಮ, ತಲಘಟ್ಟಪುರಕ್ಕೆ ಕೊಟ್ಟ ಹೆಣ್ಣು, ಮಾತು ಬಿಟ್ಟಿದ್ದರು. ತಾಯಿ ಸತ್ತ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅವರು. ಅವರ ಮನೆತನದಲ್ಲಿ ಹೊಸ ಮನೆಗೆ ಮೊದಲು ಕಾಲಿಡಬೇಕಾದವಳು, ಒಲೆಯ ಮೇಲೆ ಹಾಲು ಉಕ್ಕಿಸಬೇಕಾದವಳು ಹುಟ್ಟಿದ ಮನೆಯ ಹೆಣ್ಣುಮಗಳು. ಆ ಹಕ್ಕು ತನ್ನ ಕೈಬಿಟ್ಟು ಹೋಯಿತೆಂದು ಲಕ್ಷ್ಮಮ್ಮ ತೀರ್ಮಾನಿಸಿದ್ದರು. ಯಾರ ಪಾಲಾಯಿತೆಂಬುದಕ್ಕೂ ಅವರ ಬಳಿ ಸಾಕ್ಷಿಯಿತ್ತು: ನೆಲದ ಮೇಲಿನ ಆ ನೆರಳು. ಎತ್ತಿದ ಕೈ ಹಾಲಿನ ಪಾತ್ರೆಯ ಕಡೆಗೇ ಎತ್ತಿದ್ದು. ತುರುಬು ನೋಡಿದರೆ ಪದ್ಮನಾಭನಗರದಲ್ಲಿರುವ ಪಾರ್ವತಮ್ಮನ ತಂಗಿಯದೇ.

"ನನ್ನ ತಂಗಿ ಆ ಸೈಟನ್ನೇ ನೋಡಿಲ್ಲ!" ಎಂದು ಪಾರ್ವತಮ್ಮ ಕಣ್ಣಿಗೆ ಸೆರಗು ಹಚ್ಚಿದರು. ಪದ್ಮನಾಭನಗರದ ತಂಗಿಗೂ ಸುದ್ದಿ ಮುಟ್ಟಿ, ತನ್ನ ತುರುಬಿನ ಬಗ್ಗೆ ಮಾತಾಡಿದವರ ಮನೆ ನೀರೂ ಬೇಡವೆಂದು ಆಕೆಯೂ ಮುನಿಸಿಕೊಂಡಳು.

ಚಿಕ್ಕಬೈರಪ್ಪ ಏದುಸಿರು ಬಿಡುತ್ತ ತಾರಸಿ ಹತ್ತಿ ನಮ್ಮ ಕೋಣೆಯ ಬಾಗಿಲಲ್ಲಿ ನಿಂತರು.

"ಗುರುಸಿದ್ದ, ನಮ್ಮಕ್ಕ ಹಾಲುಕ್ಕಿಸ್ಲಿಲ್ಲ ಅಂದ್ರೆ ನಾನು ಆ ಮನೆಗೆ ಕಾಲಿಡಲ್ಲ. ಗೋಡೆ ಬೇಕಾದ್ರೆ ಹಂಗೇ ಪಾಳು ಬೀಳ್ಲಿ. ನೀನು ಮಾಡಿದ್ದು, ನೀನೇ ಸರಿ ಮಾಡು."

ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡರು. ನನಗೆ ನಿಜಕ್ಕೂ ಸಂಕಟವಾಯಿತು. ಗುರುಸಿದ್ದ ಮಾತ್ರ ಅವರು ಇಳಿದು ಹೋದ ಮೇಲೆ ನನ್ನ ಕಡೆ ತಿರುಗಿ ಪಿಸುಗುಟ್ಟಿದ:

"ಒಬ್ಬರಿಗೂ ಗೊತ್ತಾಗ್ಲಿಲ್ಲ ನೋಡಲೇ. ಒಬ್ಬರಿಗೂ!"

ಅವನ ಮುಖದಲ್ಲಿ ಹಬ್ಬವಿತ್ತು. ಎಂಥ ಗೆಳೆಯನನ್ನು ಕಟ್ಟಿಕೊಂಡೆನಪ್ಪಾ ಎಂದುಕೊಂಡೆ.

ಲಕ್ಷ್ಮಮ್ಮನನ್ನು ಸೈಟಿಗೇ ಕರೆದೊಯ್ದು ತೋರಿಸಿದರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ನಾವೂ ಅದನ್ನೇ ಯೋಚಿಸಿದ್ದೆವು. ಕರೆಯದ ಮನೆಯ ಬೀದಿಗೂ ಕಾಲಿಡುವುದಿಲ್ಲ ಎಂದು ಆಕೆ ಹೇಳಿಕಳಿಸಿದ್ದರು. ಈಗ ಕರೆಯುತ್ತೇವೆ ಎಂದರೆ, ಹಾಲು ಉಕ್ಕಿದ ಮೇಲೆ ಪಾತ್ರೆ ತೊಳೆಯಲು ಕರೆಯುತ್ತೀರಾ ಎಂದು ಉತ್ತರ. ಹಾಗಾಗಿ ಗುರುಸಿದ್ದ ಕ್ಯಾಮೆರಾ ಹಿಡಿದು ವಸಂತಪುರಕ್ಕೆ ಹೋಗಿ, ಮುಗಿಯದ ಹಾಲ್‌ನ ನಿಜವಾದ ಫೋಟೋ ತೆಗೆದು ತಂದ. ಸಿಮೆಂಟ್ ಮೂಟೆ, ಸಾರವೆ ಕಂಬ, ಗೋಡೆಯಿಂದ ಜೋಲುವ ವೈರು, ಎಲ್ಲವೂ ಅದರಲ್ಲಿತ್ತು. ಪ್ರಿಂಟ್ ಹಾಕಿಸುವ ಮೊದಲು ಅವನು ಒಂದು ಕ್ಷಣ ತಡೆದ.

"ಭಾಳ ಮಂಕೈತಿ. ಒಂಚೂರು ಬೆಳಕು ಏರಸ್ತೀನಿ, ಮೂಟೀ ಕಾಣ್ಲಿ."

"ಮುಟ್ಟಬ್ಯಾಡಲೇ!" ಎಂದು ನಾನು ಅರಚಿದೆ. ಅಷ್ಟರಲ್ಲಿ ಏರಿಸಿಯಾಗಿತ್ತು.

ಭಾನುವಾರ ಬೆಳಿಗ್ಗೆ ಚಿಕ್ಕಬೈರಪ್ಪ, ಗುರುಸಿದ್ದ, ನಾನು ತಲಘಟ್ಟಪುರಕ್ಕೆ ಹೋದೆವು. ಲಕ್ಷ್ಮಮ್ಮ ಅಂಗಳದಲ್ಲಿ ಚಾಪೆಯ ಮೇಲೆ ಸಂಡಿಗೆ ಒಣಹಾಕಿಕೊಂಡು ಕಾಗೆ ಕಾಯುತ್ತ ಕೂತಿದ್ದರು. ಕ್ಯಾಲೆಂಡರ್ ಪಡಸಾಲೆಯ ಗೋಡೆಯಲ್ಲಿ ಇತ್ತು, ಆದರೆ ಮುಖ ಗೋಡೆಯ ಕಡೆಗಿತ್ತು. ನಮ್ಮನ್ನು ಕಂಡು ಆಚೀಚೆ ಮನೆಯವರು ಕಾಂಪೌಂಡಿಗೆ ಒರಗಿ ನಿಂತರು.

"ಅಕ್ಕಾ, ಅದು ಫೋಟೋ ಅಲ್ಲಕ್ಕಾ. ಈ ಹುಡುಗ ಕಂಪ್ಯೂಟರ್‌ನಲ್ಲಿ ಬರ್ದಿದ್ದು."

"ಬರ್ದಿದ್ದಾ? ನನ್ಗೇ ಕಿವಿಗೆ ಹೂ ಇಡ್ತೀಯೇನ್ಲಾ ಬೈರ? ಬರ್ದಿದ್ರಲ್ಲಿ ಧೂಳು ಹಾರಾಡ್ತದಾ?"

ಗುರುಸಿದ್ದನಿಗೆ ನಗು ತಡೆಯಲಾಗಲಿಲ್ಲ. ನಾನು ಅವನ ಕಾಲು ತುಳಿದೆ. ಅವನು ಸಾವರಿಸಿಕೊಂಡು ನಿಜವಾದ ಫೋಟೋವನ್ನು ಆಕೆಯ ಕೈಗಿಟ್ಟ.

"ಅಮ್ಮಾರ, ಮನಿ ಖರೇನ ಹಿಂಗೈತ್ರಿ. ಇನ್ನೂ ಕೆಲಸ ಮುಗಿದಿಲ್ರಿ."

ಲಕ್ಷ್ಮಮ್ಮ ಅದನ್ನು ಬಿಸಿಲಿಗೆ ಹಿಡಿದು, ಹಿಂದು ಮುಂದು ತಿರುಗಿಸಿ, ಕಾಂಪೌಂಡಿನವರಿಗೂ ತೋರಿಸಿದರು.

"ನೋಡ್ರವ್ವಾ, ಇದು ಕಂಪ್ಯೂಟರ್‌ದು! ಸಿಮೆಂಟ್ ಮೂಟೆ ಎಲ್ಲಾದ್ರೂ ಹಿಂಗೆ ಹೊಳೀತದಾ? ನನ್ನ ಮಳ್ಳು ಮಾಡಾಕೆ ಬರ್ಕೊಂಡು ಬಂದವ್ರೆ."

"ಹೌದಕ್ಕಾ, ವೈರು ಸುಳ್ಳು ಸುಳ್ಳೇ ಅನ್ನಿಸ್ತದೆ" ಎಂದಿತು ಕಾಂಪೌಂಡು.

ನಾನು ಗುರುಸಿದ್ದನ ಮುಖ ನೋಡಿದೆ. ಅವನು ನನ್ನ ಮುಖ ನೋಡಲಿಲ್ಲ. ಕೊನೆಗೆ ಅವನು ಎಂದೂ ಮಾಡದ ತ್ಯಾಗಕ್ಕೆ ಸಿದ್ಧನಾದ. ತನ್ನ ಕೆಲಸದ ಹುಳುಕನ್ನು ತಾನೇ ಬಿಚ್ಚಿದ.

"ಅಮ್ಮಾರ, ಆ ಕಿಟಕಿ ಉತ್ತರಕ್ಕೈತ್ರಿ. ಅಲ್ಲಿಂದ ಬಿಸಲು ಬರಾಂಗೇ ಇಲ್ರಿ. ನಾನು ತಪ್ಪು ಮಾಡೀನ್ರಿ."

 ಇನ್ನಾದರೂ ಆಕೆ ನಂಬುತ್ತಾರೆ ಎಂದುಕೊಂಡೆವು.

"ಬಂದದಲ್ಲ, ಬಂದಿರೋದು ಕಾಣ್ತಾ ಅದಲ್ಲ!" ಎಂದರು ಲಕ್ಷ್ಮಮ್ಮ. "ನಮ್ಮ ಬೈರ ಮನೆ ಕಟ್ಟಿದ್ರೆ ಸೂರ್ಯ ಯಾವ ಕಡೆಯಿಂದಾದ್ರೂ ಬತ್ತಾನೆ. ಅದರಾಗೆ ತಪ್ಪೇನು ಬಂತು? ನನ್ನ ಹೊಟ್ಟೆ ಉರೀತಿರೋದು ಬಿಸ್ಲಿಗಲ್ಲ. ಇವನ್ನ ಸೊಂಟದ ಮ್ಯಾಲೆ ಕೂರುಸ್ಕೊಂಡು ಆ ಕಣದಾಗೆ ರಾಗಿ ತೂರಿದೀನಿ ನಾನು. ಅದೇ ಜಾಗದಾಗೆ ಹಾಲುಕ್ಸಾಕೆ ಆ ಕಂಬದಂಥ ಸೊಂಟದೋಳು ಬೇಕಾಗಿತ್ತಾ? ಆ ಕೊಬ್ಬಿದ ತೋಳು ಎತ್ತಿರಾದು ನೋಡು!"

ಚಿಕ್ಕಬೈರಪ್ಪ ಅಂಗಳದಲ್ಲೇ ಕುಕ್ಕರಿಸಿ ಕೂತು ಅತ್ತುಬಿಟ್ಟರು. ಮೂರಂತಸ್ತಿನ ಮಾಲೀಕರು ಹಾಗೆ ಅಳುವುದನ್ನು ಬಾಡಿಗೆದಾರ ನೋಡಬಾರದು. ನಾನು ಮುಖ ತಿರುಗಿಸಿದೆ. ಲಕ್ಷ್ಮಮ್ಮನ ಕಣ್ಣೂ ತುಂಬಿತ್ತು, ಆದರೆ ಬಾಯಿ ಸೋಲಲಿಲ್ಲ.

"ಇದುಕ್ಕೆಲ್ಲಾ ಈ ಫೋಟೋದೋನೇ ಕಾರಣ. ನಡೀಲಾ ಆಚೆಗೆ!" ಎಂದು ಗುರುಸಿದ್ದನನ್ನು ಅಟ್ಟಲು ಎದ್ದು ನಿಂತರು. ಒಂದು ಕೈ ಸೊಂಟಕ್ಕೆ ಹೋಯಿತು. ಇನ್ನೊಂದು ಕೈಯಲ್ಲಿದ್ದ ಕಾಗೆ ಓಡಿಸುವ ಕೋಲು ಮೇಲಕ್ಕೆದ್ದಿತು.

ಬೇರೆ ಯಾರಾದರೂ ಆಗಿದ್ದರೆ ಕೋಲನ್ನು ನೋಡುತ್ತಿದ್ದರು, ಇಲ್ಲವೇ ಗೇಟನ್ನು. ಗುರುಸಿದ್ದ ನೆಲ ನೋಡಿದ. ಎಳೆಬಿಸಿಲಿನಲ್ಲಿ, ಸಂಡಿಗೆಯ ಚಾಪೆಯ ಪಕ್ಕದಲ್ಲಿ, ಉದ್ದಕ್ಕೆ ಒಂದು ನೆರಳು ಬಿದ್ದಿತ್ತು.

"ಸಂಗ್ಯಾ!" ಎಂದು ಅವನು ಕಿರುಚಿದ. "ಇದಽ ನೋಡಲೇ! ಇದಽ ಅದು! ಅಮ್ಮಾರ, ಹಂಗಽ ನಿಂದರ್ರಿ, ಅಳ್ಳಾಡಬ್ಯಾಡ್ರಿ!"

ಹೊಡೆಯಲು ಎತ್ತಿದ ಕೋಲು ಹಾಗೆಯೇ ನಿಂತಿತು. ಗುರುಸಿದ್ದ ಪಡಸಾಲೆಗೆ ಓಡಿ ಕ್ಯಾಲೆಂಡರ್ ಕಿತ್ತು ತಂದು ನೆರಳಿನ ಪಕ್ಕ ನೆಲದ ಮೇಲೆ ಹಾಸಿದ. ಕಾಂಪೌಂಡಿನವರು ಒಳಗೆ ನುಗ್ಗಿದರು. ಅದೇ ಸೊಂಟ, ಅದೇ ತೋಳು, ಎಡಕ್ಕೆ ವಾಲಿದ ಅದೇ ತುರುಬು.

"ಅಮ್ಮಾರ, ನೀವು ಬಿ.ಟಿ.ಎಂ. ಮನಿ ತಾರಸಿ ಮ್ಯಾಲ ಸಂಡಿಗಿ ಹಾಕಿದ್ದಿರೇನ್ರಿ?"

"ಹೋದ ಬೇಸ್ಗೇಲಿ ಹಾಕಿದ್ನಲ್ಲ, ಇವ್ನ ಮನೆಗೇ ಅಂತ. ಯಾಕ್ಲಾ?"

"ಆಗ ನಾನು ನೆರಳಿನ ಫೋಟೋ ತಗದೀನ್ರಿ. ಯಾರಂತ ನೋಡಿದ್ದಿಲ್ರಿ. ಈ ಕೋಲು ಚಿತ್ರಕ್ಕ ಚಂದ ಕಾಣಂಗಿಲ್ಲಂತ ಅಳಿಸೀನ್ರಿ. ಆ ಮನ್ಯಾಗ ಇರೋ ನೆರಳು ನಿಮ್ದಽರಿ!"

 ಇದೇ ಸಮಯವೆಂದು ಒಂದು ಕಾಗೆ ಇಳಿದು ಸಂಡಿಗೆ ಹೊತ್ತೊಯ್ದಿತು. ಲಕ್ಷ್ಮಮ್ಮ ಅದನ್ನು ಗಮನಿಸಲಿಲ್ಲ. ಕೋಲನ್ನು ಮೆಲ್ಲಗೆ ಇಳಿಸಿದರು, ಕ್ಯಾಲೆಂಡರಿನ ನೆರಳು ನೋಡಿದರು, ಮತ್ತೆ ಎತ್ತಿದರು, ತಮ್ಮ ನೆರಳು ನೋಡಿದರು.

"ಅಂಗಾದ್ರೆ... ಆ ಮನೆಗೆ ಮೊದ್ಲು ಹೋಗಿರೋಳು ನಾನೇನಾ?"

"ನೀನೇ ಕಣಕ್ಕಾ" ಎಂದರು ಚಿಕ್ಕಬೈರಪ್ಪ, ಮೂಗು ಒರೆಸಿಕೊಂಡು.

ಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು ಕಾಂಪೌಂಡಿನವರ ಕಡೆ ತಿರುಗಿದರು.

"ಸೊಂಟ ಅಂಥಾ ಕಂಬ ಏನಲ್ಲ ಬಿಡ್ರಿ. ಬಿಸ್ಲಿಗೆ ಅಂಗ್ ಕಾಣ್ತದೆ."

ಮನೆಯ ಕೆಲಸ ಮುಗಿದು, ಯುಗಾದಿ ಕಳೆದ ಮೇಲೆ ನಿಜವಾದ ಗೃಹಪ್ರವೇಶವಾಯಿತು. ಮುನಿಸಿಕೊಂಡವರೆಲ್ಲ ಬಂದರು. ಪದ್ಮನಾಭನಗರದ ತಂಗಿ ತುರುಬು ಬಿಟ್ಟು ಜಡೆ ಹಾಕಿಕೊಂಡು ಬಂದಳು. ಹಾಲ್‌ನ ಒಳಗನ್ನು ಬಡಗಿಯಿಂದ ಪೇಂಟರಿನವರೆಗೆ ಎಲ್ಲರೂ ಕ್ಯಾಲೆಂಡರ್ ನೋಡಿಯೇ ಮಾಡಿದ್ದರು. ಚಿಕ್ಕಬೈರಪ್ಪ ತಟ್ಟೆಯಲ್ಲಿ ಒಂದು ಅರ್ಧ ಲಾಡನ್ನು ತಾವೇ ಮುರಿದು ಇಟ್ಟಿದ್ದರು. ಲಕ್ಷ್ಮಮ್ಮ ತುಂಬಿದ ಕೊಡ ಹಿಡಿದು, ಬಲಗಾಲಿಟ್ಟು ಮೊದಲು ಒಳಗೆ ಹೋದರು. ಹಾಲು ಉಕ್ಕಿತು. ಅಕ್ಕ ತಮ್ಮ ಒಬ್ಬರನ್ನೊಬ್ಬರು ನೋಡಿಕೊಂಡು ಅತ್ತರು, ನೋಡುತ್ತ ನಿಂತ ನಾವೂ ಅತ್ತೆವು.

ಆಮೇಲೆ ಲಕ್ಷ್ಮಮ್ಮ ನೆಟ್ಟಗೆ ಹಾಲ್‌ಗೆ ಬಂದು ಕಿಟಕಿಯ ಮುಂದೆ ನಿಂತರು. ಒಂದು ಕೈ ಸೊಂಟಕ್ಕಿಟ್ಟು, ಒಂದು ಕೈ ಎತ್ತಿ ನೆಲ ನೋಡಿದರು. ನೆಂಟರೆಲ್ಲ ನೆಲ ನೋಡಿದರು. ನೆಲದ ಮೇಲೆ ನೆಲವಷ್ಟೇ ಇತ್ತು.

"ಬೈರ, ನನ್ನ ನೆರಳೆಲ್ಲಿ?"

ಚಿಕ್ಕಬೈರಪ್ಪ ನಂದಕುಮಾರರನ್ನು ನೋಡಿದರು. ನಂದಕುಮಾರ್ ಗುರುಸಿದ್ದನಿದ್ದ ಕಡೆ ನೋಡಿದರು. ಅವನು ನಿಂತಿದ್ದ ಜಾಗ ಖಾಲಿಯಾಗಿತ್ತು.

ಅವನು ಆಗಲೇ ಹೊರಗೆ ಓಡಿ, ಶಾಮಿಯಾನದವರ ಹಲೋಜನ್ ದೀಪ ಕಿತ್ತುಕೊಂಡು, ಪಕ್ಕದ ಮನೆಯ ಗೋಡೆ ಹತ್ತಿದ್ದ. ನಾನು ಕೆಳಗೆ ವೈರು ಹಿಡಿದು ನಿಂತೆ. ದೀಪದ ಮೇಲೆ ಯಾರದೋ ಹಳದಿ ಪಂಚೆಯನ್ನು ಅಡ್ಡ ಹಿಡಿದು, ಇಷ್ಟು ಎಡಕ್ಕೆ, ಇಷ್ಟು ಕೆಳಕ್ಕೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಅವನು ಕಿಟಕಿಯೊಳಗೆ ಬೆಳಕು ಬಿಟ್ಟ. ಪರದೆಯ ಅಂಚು ತೆಳ್ಳಗೆ ಹೊಳೆಯಿತು. ನೆಲದಿಂದ ಪುಟಿದ ಬೆಳಕು ಗೋಡೆಗೆ ಕೆಂಪಾಗಿ ಹತ್ತಿತು. ಹೋಮದ ಹೊಗೆಯಲ್ಲಿ ಬಿಸಿಲುಕೋಲು ಎದ್ದುನಿಂತಿತು. ಅದರ ನಡುವೆ, ಹಾಲ್‌ನ ಉದ್ದಕ್ಕೂ, ಲಕ್ಷ್ಮಮ್ಮನ ನೆರಳು ಬಿದ್ದಿತು. ಒಳಗಿಂದ ಎದ್ದ ‘ಓ’ ಎಂಬ ಕೂಗು ವಸಂತಪುರದ ದೇವಸ್ಥಾನದವರೆಗೆ ಕೇಳಿಸಿರಬೇಕು.

ನಾನು ತಲೆಯೆತ್ತಿ ಗುರುಸಿದ್ದನನ್ನು ನೋಡಿದೆ. ಅವನು ಕಿಟಕಿಯೊಳಗೆ ನೋಡುತ್ತಿದ್ದ. ಈ ಸಲ ನೆರಳನ್ನಲ್ಲ, ಆ ಮುದುಕಿಯ ಮುಖವನ್ನು. ಇವನು ನನ್ನ ಗೆಳೆಯ ಎಂದು ಆ ಕ್ಷಣ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಕೈಲಿದ್ದ ವೈರನ್ನು ಬಿಟ್ಟೇಬಿಡುತ್ತಿದ್ದೆ.

ಆಗ ಪಕ್ಕದ ಮನೆಯ ಬಾಗಿಲು ದಡಾರನೆ ತೆರೆಯಿತು.

"ಯಾರ್ರೀ ಅದು, ನಮ್ಮ ಗೋಡೆ ಮೇಲೆ?"

ಗುರುಸಿದ್ದ ಬಾಯಿ ತೆರೆಯುವ ಮೊದಲೇ ಕಿಟಕಿಯೊಳಗಿಂದ ಚಿಕ್ಕಬೈರಪ್ಪನವರ ದನಿ ಗತ್ತಿನಿಂದ ಬಂದಿತು:

"ನಮ್ಮ ಸೂರ್ಯ ಸಾರ್! ಇಳ್ಸಬೇಡಿ, ಇನ್ನೂ ಊಟ ಆಗಿಲ್ಲ!"